ಶಾಲೆಯ ರಂಗದ ಮೇಲೆ ಕಿಂದರಿಜೋಗಿ

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಓದದೆಯೇ ಕನ್ನಡ ಶಾಲೆಯಿಂದ ಹೊರಬಿದ್ದವರು ನಮ್ಮ ವಾಚಕರಲ್ಲಿ ವಿರಳವೆಂದೇ ಹೇಳಬೇಕು. ಓದಿದವರಲ್ಲಿಯೂ ಬಹುಮಂದಿ ಬಾಲ್ಯದಲ್ಲಿ ಒಮ್ಮೆಯಾದರೂ ಸೊಂಟಕ್ಕೆ ಹಗ್ಗದ ಬಾಲವನ್ನು ಕಟ್ಟಿಕೊಂಡು ಇಲಿಯಾಗಿ ರಂಗವನ್ನೇರಿದವರು. ಇಲ್ಲವೆ, ತಮ್ಮ ಮಕ್ಕಳಿಗೆ ಆ ಬಾಲವನ್ನು ಹೊಲಿದುಕೊಟ್ಟವರು. ಆ ಕವನದ ಗುಣಗಳನ್ನು ಕುರಿತು ಬಲ್ಲವರು ಬರೆದಿರುವುದುಂಟು. ಆದರೆ ಅದು ಆಟವಾಗಿ ಶಾಲೆಯ ರಂಗಕ್ಕೆ ಬಂದಾಗ ಏನಾಗುತ್ತದೆ, ಏನಾಗಬೇಕಾಗಿತ್ತು ಎಂಬ ವಿಚಾರವು ನಮ್ಮಲ್ಲಿ ಅಷ್ಟಾಗಿ ನಡೆದಂತೆ ತೋರುವುದಿಲ್ಲ. ಶಾಲೆಯ ಮಕ್ಕಳ ಆಟವೆಂದರೆ ವಿಮರ್ಶೆಗೆ ತಕ್ಕ ವಸ್ತುವಲ್ಲ, ಚಪ್ಪಾಳೆ ತಟ್ಟಿ ಮನೆಗೆ ಹೋಗಿ ಊಟ ಮಾಡತಕ್ಕ ವಸ್ತು ಎಂಬ ಭಾವನೆಯೇ ಇದಕ್ಕೆ ಕಾರಣವಿರಬಹುದು. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಕನ್ನಡ ಉಪಾಧ್ಯಾಯನಾಗಿದ್ದು, ಇದೇ ಕವನವನ್ನು ಹಲವು ಸಲ ಮಕ್ಕಳಿಂದ ಆಡಿಸಿ, ಅದರಲ್ಲಿ ಒಂದು ಸಲ ನಾಚಿಕೆಪಡತಕ್ಕ ರೀತಿಯಲ್ಲಿ ಆಡಿಸಿದ ನನಗೆ, ಈ ವಿಷಯದಲ್ಲಿ ಎರಡು ಮಾತು ಹೇಳುವ ಅಧಿಕಾರವಿಲ್ಲದಿದ್ದರೂ ಋಣವಾದರೂ ಇದೆ.

ಮೂಲದಿಂದ ತೊಡಗುವುದು ಯುಕ್ತ. ಕುವೆಂಪು ಅವರಿಗೆ ಆಧಾರವಾದದ್ದು ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗನು 1842ರಲ್ಲಿ ಪ್ರಕಟಿಸಿದ ‘ಪೈಡ್ ಪೈಪರ್ ಆಫ್ ಹ್ಯಾಮಲಿನ್’ ಎಂಬ ಕವನವೆಂಬುದು ಸರ್ವವಿದಿತ. ಆ ಕವನ ಹುಟ್ಟಿದ ಸಂದರ್ಭ ಮಾತ್ರ ಅಷ್ಟು ವಿದಿತವಲ್ಲ. ಆ ಕಾಲದ ಲಂಡನ್ನಿನ ಹೆಸರಾಂತ ನಟ ಮ್ಯಾಕ್ರೆಡಿ ಎಂಬವನ ಮಗ ವಿಲ್ಲಿ ಕಾಯಿಲೆಯಾಗಿ ಹಾಸಿಗೆ ಹಿಡಿದಿದ್ದನು. ಹುಡುಗನಿಗೆ ಚಿತ್ರ ಬರೆಯುವ ಚಪಲ. ಮಲಗಿದಲ್ಲಿಯೇ ಚಿತ್ರಿಸುವುದಕ್ಕೆ ಒಂದು ಕಥೆ ಬೇಕೆಂದು ಬ್ರೌನಿಂಗನು ಇದನ್ನು ಅವನಿಗಾಗಿ ರಚಿಸಿದನು. ಎಂದರೆ, ಈ ಕವನವು ಮೊದಲ ಗಳಿಗೆಯಿಂದಲೇ ಒಂದು ಮಗುವಿನ ಕೈಗೆ ಕೆಲಸವಾಗಿ ಬಂದದ್ದು. ಮಗುವನ್ನು ಸುಮ್ಮನೆ ಕೂರಿಸಿ ಕೇಳಿಸುವುದಕ್ಕಾಗಿ ಹುಟ್ಟಿದ್ದಲ್ಲ. ಅದೂ ನಟನೊಬ್ಬನ ಮನೆಯಲ್ಲಿ, ಎದ್ದು ಓಡಲಾರದ ಮಗುವಿಗಾಗಿ. ಈ ಕೊನೆಯ ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಮುಂದೆ ಅದರ ಪ್ರಸಂಗ ಬರುತ್ತದೆ.

ಕುವೆಂಪು ಅವರು ಜರ್ಮನಿಯ ವೇಸರ್ ನದಿಯ ದಡದ ಊರನ್ನು ತುಂಗೆಯ ದಡಕ್ಕೆ ತಂದರು. ನಗರದ ಮೇಯರನ ಸ್ಥಾನದಲ್ಲಿ ನಮ್ಮ ಗೌಡನನ್ನು ಕೂರಿಸಿದರು. ಇವೆಲ್ಲ ಯಾವ ಜಾಣ ರೂಪಾಂತರಕಾರನೂ ಮಾಡುವ ಬದಲಾವಣೆಗಳು. ರಂಗದ ದೃಷ್ಟಿಯಿಂದ ಮುಖ್ಯವಾದದ್ದು ಇನ್ನೊಂದಿದೆ. ಬ್ರೌನಿಂಗನ ವಾದಕನು ಊದುವವನು; ನಮ್ಮ ಜೋಗಿ ಮೀಟುವವನು. ಕಿಂದರಿ ಅಥವಾ ಕಿನ್ನರಿ ಎಂಬುದು ಸೋರೆಬುರುಡೆಯ ತಂತಿವಾದ್ಯ, ಊರೂರು ತಿರುಗುವ ಜೋಗಿಗಳ ಸಂಗಾತಿ. ಊದುವವನ ಬಾಯಿಗೆ ವಾದ್ಯವೇ ಬೀಗ. ಅವನು ನುಡಿಸುವಾಗ ನುಡಿಯಲಾರ. ಮೀಟುವವನ ಬಾಯಾದರೋ ಬಿಡುವಾಗಿಯೇ ಇರುತ್ತದೆ. ಅವನು ಹಾಡಬಹುದು, ಕರೆಯಬಹುದು, ನಗಬಹುದು, ಬೇಕೆಂದೇ ಮಾತನಾಡದೆಯೂ ಇರಬಹುದು. ನಟನಾಗುವ ಹುಡುಗನಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದು? ಹೀಗಿದ್ದೂ ನಾನು ಕಂಡ ಪ್ರಯೋಗಗಳಲ್ಲಿ ಮುಕ್ಕಾಲುಪಾಲು ಜೋಗಿಗಳ ಕೈಯಲ್ಲಿದ್ದದ್ದು ಕೃಷ್ಣನ ವೇಷಕ್ಕಾಗಿ ತಂದಿಟ್ಟಿದ್ದ ಕೊಳಲು! ಕವಿ ಬಿಚ್ಚಿದ ಬಾಯನ್ನು ಉಪಾಧ್ಯಾಯರು ಮತ್ತೆ ಮುಚ್ಚಿದರು. ಸೋರೆಬುರುಡೆ ಸಿಕ್ಕದಿದ್ದರೆ ತೆಂಗಿನ ಕರಟಕ್ಕೆ ಬಿದಿರುಕಡ್ಡಿ ಸಿಕ್ಕಿಸಿ ಒಂದು ದಾರ ಬಿಗಿದರೂ ಆದೀತು. ಧ್ವನಿಯನ್ನು ಹಿಮ್ಮೇಳ ನೋಡಿಕೊಳ್ಳುತ್ತದೆ.

ಇನ್ನು ಕವನದ ಕಟ್ಟಡವನ್ನು ನೋಡೋಣ. ಒಂದು ತರಗತಿಯಲ್ಲಿ ನಲವತ್ತು ಮಕ್ಕಳಿರುವರೆಂದು ಇಟ್ಟುಕೊಳ್ಳಿ. ಸಾಮಾನ್ಯವಾದ ನಾಟಕದಲ್ಲಿ ಎಂಟು ಹತ್ತು ಪಾತ್ರಗಳು. ಮಿಕ್ಕ ಮೂವತ್ತು ಮಕ್ಕಳು ಪರದೆ ಎಳೆಯುವವರು, ಬಾಗಿಲು ಕಾಯುವವರು, ಕೊನೆಗೆ ಪ್ರೇಕ್ಷಕರು. ಕಿಂದರಿಜೋಗಿಯಲ್ಲಿ ಹಾಗಲ್ಲ. ಇಲ್ಲಿ ಮೊದಲು ಇಲಿಗಳ ದಂಡು. ಬಗೆಬಗೆಯ ಗಾತ್ರದ, ಬಗೆಬಗೆಯ ಸ್ವಭಾವದ ಇಲಿಗಳನ್ನು ಕವಿ ಪಟ್ಟಿಮಾಡಿ ರಂಗಕ್ಕೆ ಬಿಡುತ್ತಾರೆ. ಆ ಬಳಿಕ ಊರಿನ ಮಂದಿಯ ದಂಡು. ಕೊನೆಗೆ ಮಕ್ಕಳ ದಂಡು. ಇಲಿಯಾಗಿ ಹೊಳೆಗೆ ಬಿದ್ದ ಹುಡುಗನೇ ಸ್ವಲ್ಪ ಹೊತ್ತಿನಲ್ಲಿ ಬಾಲ ಕಳಚಿ ಬೊಮ್ಮನಹಳ್ಳಿಯ ಮಗುವಾಗಿ ಬಂದು ಅದೇ ವಾದ್ಯದ ಹಿಂದೆ ಎರಡನೆಯ ಸಲ ಹೊರಡುತ್ತಾನೆ. ಒಂದೇ ತರಗತಿ ಎರಡು ಬಾರಿ ಕರೆಯಲ್ಪಟ್ಟು ಎರಡು ಬಾರಿ ರಂಗವನ್ನು ಬರಿದುಮಾಡಿ ಹೋಗುತ್ತದೆ. ಜೋಗಿ ಈ ಆಟದ ನಾಯಕನೆಂದು ನಾವೆಲ್ಲ ತಿಳಿದಿದ್ದೇವೆ. ಆದರೆ ಅವನು ಬಂದು ಹೋಗುವವನು. ಆಟದ ಭಾರವನ್ನು ಹೊತ್ತಿರುವುದು ಅವನ ಹಿಂದೆ ನಡೆಯುವವರು. ರಂಗಭಾಷೆಯಲ್ಲಿ ಹೇಳುವುದಾದರೆ ಇದು ಮೇಳದ ಆಟ, ಒಂಟಿ ನಟನ ಆಟವಲ್ಲ. ಆದುದರಿಂದ ಶಾಲೆಯೊಂದು ಕಿಂದರಿಜೋಗಿಯನ್ನು ಹೇಗೆ ಆಡಿತು ಎಂದು ತಿಳಿಯಬೇಕಾದರೆ ಜೋಗಿಯನ್ನು ನೋಡಬೇಕಾಗಿಲ್ಲ; ಮೂವತ್ತೊಂಬತ್ತನೆಯ ಇಲಿಯನ್ನು ನೋಡಿದರೆ ಸಾಕು.

ನಮ್ಮ ವಾರ್ಷಿಕೋತ್ಸವಗಳಲ್ಲಿ ಆ ಇಲಿಯ ಗತಿ ಏನು? ಇತ್ತೀಚಿನ ಒಂದೆರಡು ವರ್ಷಗಳಲ್ಲಿ ನಾನು ನೋಡಿದ್ದನ್ನು ಹೇಳುತ್ತೇನೆ. ಜೋಗಿಯ ಪಾತ್ರ ತರಗತಿಗೆ ಮೊದಲಿಗನಾದ ಹುಡುಗನಿಗೆ. ಗೌಡನ ಪಾತ್ರ ದೊಡ್ಡ ದನಿಯವನಿಗೆ. ಇಲಿಗಳಿಗೆ ಪೇಟೆಯ ಅಂಗಡಿಯಿಂದ ಬಾಡಿಗೆಗೆ ತಂದ ಬೂದುಬಣ್ಣದ ಉಡುಪು; ಮುಖಕ್ಕೆ ಮುಖವಾಡ. ಹಾಡು ಮತ್ತು ಮಾತು ಎರಡನ್ನೂ ಮೊದಲೇ ಪಟ್ಟಣದ ಗಾಯಕರಿಂದ ಮುದ್ರಿಸಿಕೊಂಡು ತಂದು ಧ್ವನಿವರ್ಧಕದಲ್ಲಿ ಹಾಕುತ್ತಾರೆ. ಮಕ್ಕಳು ಅದಕ್ಕೆ ತುಟಿಯಾಡಿಸುತ್ತಾರೆ. ನಲವತ್ತು ಮಕ್ಕಳು ರಂಗದ ಮೇಲಿದ್ದು ಅವರಲ್ಲಿ ಒಬ್ಬರ ದನಿಯೂ ನಮ್ಮ ಕಿವಿಗೆ ಬೀಳಲಿಲ್ಲ. ಹೆತ್ತವರು ಕೈಯಲ್ಲಿನ ಫೋನುಗಳನ್ನು ಎತ್ತಿಹಿಡಿದು ತಂತಮ್ಮ ಇಲಿಯನ್ನು ಹುಡುಕುತ್ತಿದ್ದರು. ಮುಖವಾಡವಿದ್ದುದರಿಂದ ಅದೂ ಅವರಿಗೆ ಸಿಕ್ಕಿದಂತೆ ಕಾಣಲಿಲ್ಲ. ನೋಡುವುದಕ್ಕೆ ಸೊಗಸಾಗಿತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಸಂಜೆ ಯಾವ ಮಗುವಾದರೂ ಹಿಂದಿನ ದಿನ ತನ್ನಿಂದಾಗದ ಏನನ್ನಾದರೂ ಮಾಡಿತೆ? ಉಡುಪಿನಂಗಡಿಯವನೂ ಮುದ್ರಣಶಾಲೆಯ ಗಾಯಕರೂ ತಮ್ಮ ವಿದ್ಯೆಯನ್ನು ತೋರಿಸಿದರು. ಮಕ್ಕಳ ವಿದ್ಯೆಯನ್ನು ಯಾರೂ ಕೇಳಲಿಲ್ಲ.

ನಟನವಿದ್ಯೆಯನ್ನು ಮಕ್ಕಳಿಗೆ ಕಲಿಸುವುದೆಂದರೆ ಅಭಿನಯದ ಭಂಗಿಗಳನ್ನು ಕಲಿಸುವುದೆಂದು ನಮ್ಮಲ್ಲಿ ಒಂದು ಭ್ರಮೆಯಿದೆ. ದುಃಖವೆಂದರೆ ಕಣ್ಣೊರಸುವುದು, ಕೋಪವೆಂದರೆ ಸೊಂಟದ ಮೇಲೆ ಕೈ, ಯೋಚನೆಯೆಂದರೆ ಗಲ್ಲದ ಮೇಲೆ ಬೆರಳು. ಇದು ಮಗ್ಗಿಯ ಬಾಯಿಪಾಠದಂತೆ ದೇಹದ ಬಾಯಿಪಾಠ. ನನ್ನ ಅನುಭವದಲ್ಲಿ ಮಕ್ಕಳಿಗೆ ಮೊದಲು ಕಲಿಸಬೇಕಾದ್ದು ನಡಿಗೆ, ಆಮೇಲೆ ಉಸಿರು, ಎಲ್ಲಕ್ಕಿಂತ ಕಷ್ಟವಾದ ಕೇಳುವಿಕೆ. ಮಾತು ಇವುಗಳ ಬೆನ್ನಿಗೆ ತಾನಾಗಿ ಬರುತ್ತದೆ. ಕಿಂದರಿಜೋಗಿಯ ಪದ್ಯದ ನಡೆ ನಾಲ್ಕು ಮಾತ್ರೆಯ ನಡೆ. ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಸುತ್ತುಗಟ್ಟಿ ನಿಲ್ಲಿಸಿ, ಒಬ್ಬನ ಕೈಗೆ ತಾಳ ಕೊಟ್ಟು, ನಾಲ್ಕಕ್ಕೆ ಒಂದು ಹೆಜ್ಜೆಯಂತೆ ಸುಮ್ಮನೆ ನಡೆಸಿರಿ. ಎರಡು ದಿನದಲ್ಲಿ ತಾಳವಿಲ್ಲದೆಯೂ ನಲವತ್ತು ಕಾಲುಗಳು ಒಟ್ಟಿಗೆ ಬೀಳುವುವು. ಆಮೇಲೆ ಆ ಹೆಜ್ಜೆಯನ್ನು ಒಡೆಯಬೇಕು: ಮುದಿ ಇಲಿಗೆ ನಾಲ್ಕಕ್ಕೊಂದು ಹೆಜ್ಜೆ, ಮರಿ ಇಲಿಗೆ ನಾಲ್ಕಕ್ಕೆ ನಾಲ್ಕು, ಹೊಟ್ಟೆಬಾಕ ಇಲಿಗೆ ಎರಡು ಹೆಜ್ಜೆಯಿಟ್ಟು ಎರಡು ನಿಲುಗಡೆ. ವ್ಯಾಕರಣದ ತರಗತಿಯಲ್ಲಿ ಗುರು ಲಘುಗಳೆಂದರೆ ಆಕಳಿಸುತ್ತಿದ್ದ ಹುಡುಗರು ಇಲ್ಲಿ ಛಂದಸ್ಸನ್ನು ಕಾಲಿನಿಂದ ಕಲಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಾಲಕ್ಕಾಗಲಿ ಮುಖವಾಡಕ್ಕಾಗಲಿ ಆಗ ಅಗತ್ಯವೇ ಬೀಳುವುದಿಲ್ಲ. ಹುಡುಗನು ತನ್ನ ಬೆನ್ನನ್ನು ಹೇಗೆ ಹಿಡಿದಿದ್ದಾನೆಂಬುದರಿಂದಲೇ ಅವನು ಎಂತಹ ಇಲಿಯೆಂದು ತಿಳಿಯುತ್ತದೆ.

ಉಸಿರಿನ ವಿಚಾರವಾಗಿ ಹೆಚ್ಚು ಬರೆಯುವುದಿಲ್ಲ. ಧ್ವನಿವರ್ಧಕವನ್ನು ಮಕ್ಕಳ ಕೈಗೆಟುಕದಂತೆ ಇಟ್ಟು, ಅಂಗಳದ ಈ ಮೂಲೆಯಿಂದ ಆ ಮೂಲೆಗೆ ಒಂದು ಪದ್ಯವನ್ನು ಕೂಗದೆ ಕೇಳಿಸುವಂತೆ ಹೇಳಿಸಿದರೆ ಸಾಕು. ಕೂಗುವುದಕ್ಕೂ ಕೇಳಿಸುವುದಕ್ಕೂ ಇರುವ ಭೇದ ತಿಳಿದ ದಿನ ಮಹಾಪ್ರಾಣಗಳೂ ತಾವಾಗಿ ಸರಿಹೋಗುವುವು. ಏಕೆಂದರೆ ಉಸಿರಿಲ್ಲದೆ ಮಹಾಪ್ರಾಣವಿಲ್ಲ.

ಕೇಳುವಿಕೆಯ ಮಾತು ಹಾಗಲ್ಲ. ಈ ಆಟದ ಜೀವಾಳವೇ ಅದು. ಮೊದಲ ಸಲ ಕಿಂದರಿ ಮಿಡಿದಾಗ ರಂಗದ ಮೇಲಿನ ಎಲ್ಲ ಇಲಿಗಳೂ ತಾವು ಮಾಡುತ್ತಿದ್ದುದನ್ನು ಬಿಟ್ಟು ಕೇಳಬೇಕು. ಕೇಳಿದಂತೆ ನಟಿಸುವುದಲ್ಲ, ಕೇಳಬೇಕು. ಕಿವಿಯ ಹಿಂದೆ ಅಂಗೈಯಿಟ್ಟು ತಲೆಯೋಲಾಡಿಸುವ ಮಗು ಕೇಳುತ್ತಿಲ್ಲವೆಂದು ಕೊನೆಯ ಬೆಂಚಿನ ಅಜ್ಜಿಗೂ ತಿಳಿಯುತ್ತದೆ. ಬ್ರೌನಿಂಗನ ಕವನದಲ್ಲಿ ಹೊಳೆಯಿಂದ ಬದುಕಿ ಪಾರಾದ ಒಂದೇ ಒಂದು ಇಲಿ, ಆ ವಾದ್ಯದಲ್ಲಿ ತನಗೆ ಕೇಳಿಸಿದ್ದೇನೆಂದು ಬಣ್ಣಿಸುತ್ತದೆ: ಹಣ್ಣು ಹಿಂಡುವ ಸದ್ದು, ಉಪ್ಪಿನಕಾಯಿಯ ಮುಚ್ಚಳ ಸರಿಸಿದ ಸದ್ದು, ಹೀಗೆ ಎಲ್ಲವೂ ತಿಂಡಿಯ ಸದ್ದುಗಳೇ. ಮಕ್ಕಳಿಗಾದರೋ ಅದೇ ವಾದ್ಯದಲ್ಲಿ ಕಂಡದ್ದು ಬೇರೊಂದು ಲೋಕ. ಅಂದಮೇಲೆ, ಒಬ್ಬನೇ ಹುಡುಗ ಅರ್ಧಗಂಟೆಯ ಅಂತರದಲ್ಲಿ ಅದೇ ಸ್ವರವನ್ನು ಒಮ್ಮೆ ಹಸಿವಿನ ಕಿವಿಯಿಂದ, ಒಮ್ಮೆ ಹಿಗ್ಗಿನ ಕಿವಿಯಿಂದ ಕೇಳಬೇಕಾಗುತ್ತದೆ. ಇದನ್ನು ಕಲಿಸುವುದು ಹೇಗೆ? ನಾನು ತಾಲೀಮಿನಲ್ಲಿ ಮಕ್ಕಳ ಕಣ್ಣು ಮುಚ್ಚಿಸಿ ದೂರದಲ್ಲಿ ಯಾರಿಂದಲಾದರೂ ಒಂದು ತಂತಿಯನ್ನು ಮೀಟಿಸುತ್ತಿದ್ದೆ. ಏನು ಕೇಳಿಸಿತು ಎಂದು ಪ್ರತಿಯೊಬ್ಬನೂ ಹೇಳಬೇಕು. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಹೇಳಕೂಡದು. ಕೊಬ್ಬರಿ ತುರಿಯುವ ಸದ್ದೆಂದು ಒಬ್ಬಳು. ಬಸ್ಸು ಹೊರಟುಹೋಗುವ ಸದ್ದೆಂದು ಇನ್ನೊಬ್ಬ. ಅಪ್ಪ ಬಾಗಿಲು ತೆಗೆದ ಸದ್ದೆಂದು ಒಬ್ಬ ಹುಡುಗ ಹೇಳಿದಾಗ ನಾನು ಮುಂದೆ ಕೇಳದೆ ಪಕ್ಕದವನ ಕಡೆ ತಿರುಗಿದ್ದುಂಟು. ಆಟದ ದಿನ ಅವರ ಮುಖದ ಮೇಲೆ ಬರುವುದು ಈ ಕೊಬ್ಬರಿ, ಈ ಬಸ್ಸು, ಈ ಬಾಗಿಲು. ಅದನ್ನು ಯಾವ ಭಂಗಿಯೂ ಕೊಡಲಾರದು.

ಹೊಸಬನಿಗೂ ರಂಗದ ಮೇಲೆ ಗೌರವದ ಸ್ಥಾನ ಕೊಡುವ ಕ್ರಮ ನಮಗೆ ಹೊರಗಿನಿಂದ ಬರಬೇಕಾದದ್ದೇನೂ ಅಲ್ಲ. ಯಕ್ಷಗಾನ ಮೇಳದಲ್ಲಿ ಕಲಿಯಲು ಬಂದ ಹುಡುಗನು ಮೊದಲ ದಿನವೇ ಅರ್ಜುನನಾಗುವುದಿಲ್ಲ. ಪೂರ್ವರಂಗದಲ್ಲಿ ಕೋಡಂಗಿಯಾಗಿ, ಬಾಲಗೋಪಾಲನಾಗಿ ಕುಣಿದು, ಸಭೆ ಇನ್ನೂ ಸರಿಯಾಗಿ ಕೂಡದ ಹೊತ್ತಿನಲ್ಲಿ ಹೆಜ್ಜೆ ತಪ್ಪಿದರೂ ಚಿಂತೆಯಿಲ್ಲದೆ ಕಾಲನ್ನು ಪಳಗಿಸಿಕೊಳ್ಳುತ್ತಾನೆ. ಭಾಗವತರ ಎದುರಿಗೇ, ನಿಜವಾದ ಚೆಂಡೆ ಮದ್ದಲೆಗಳ ನಡುವೆಯೇ ಅವನ ಪಾಠ. ತಪ್ಪುವುದಕ್ಕೂ ಒಂದು ಹೊತ್ತನ್ನು ಮೀಸಲಿಟ್ಟ ಈ ವಿವೇಕ ನಮ್ಮ ಶಾಲೆಗಳಿಗೆ ಏಕೆ ಬರಲಿಲ್ಲವೋ ತಿಳಿಯದು. ಉಡುಪಿಯ ಸುತ್ತಣ ಪ್ರೌಢಶಾಲೆಗಳಲ್ಲಿ ಈ ಶತಮಾನದಲ್ಲಿ ಯಕ್ಷಗಾನವನ್ನು ಗುರುಗಳಿಂದ ಕ್ರಮವಾಗಿ ಕಲಿಸುವ ಏರ್ಪಾಡು ನಡೆದು, ಹುಡುಗರಷ್ಟೇ ಉತ್ಸಾಹದಿಂದ ಹುಡುಗಿಯರೂ ಗೆಜ್ಜೆ ಕಟ್ಟುತ್ತಿರುವುದು ಸಂತೋಷದ ಸಂಗತಿ. ಬಂಗಾಳದಲ್ಲಿ ರವೀಂದ್ರರು 1908ರಲ್ಲಿ ಶಾಂತಿನಿಕೇತನದ ತಮ್ಮ ಹುಡುಗರಿಗಾಗಿ ‘ಶಾರದೋತ್ಸವ’ವನ್ನು ಬರೆದಾಗ, ಹುಡುಗರ ಒಂದು ಗುಂಪನ್ನೇ ಪಾತ್ರವಾಗಿ ಮಾಡಿ, ಮುಂದೆ ತಾವೂ ಸಂನ್ಯಾಸಿಯ ವೇಷ ಹಾಕಿ ಅವರ ನಡುವೆ ನಿಂತರು. ಉಪಾಧ್ಯಾಯನು ಪರದೆಯ ಮರೆಯಲ್ಲಿ ಬೆತ್ತ ಹಿಡಿದು ನಿಲ್ಲುವುದಕ್ಕೂ ಇದಕ್ಕೂ ಇರುವ ಅಂತರವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಶಾಲೆಯ ಆಟವೊಂದರಿಂದ ಏನಾದೀತು ಎನ್ನುವವರಿಗೆ ಒಂದು ನಿದರ್ಶನವಿದೆ. ಮುಂದೆ ಭಾರತೀಯ ರಂಗಭೂಮಿಗೇ ಹೆಸರು ತಂದ ಬಿ. ವಿ. ಕಾರಂತರು (1929–2002) ಮೊದಲು ಬಣ್ಣ ಹಚ್ಚಿದ್ದು ಮೂರನೆಯ ತರಗತಿಯಲ್ಲಿದ್ದಾಗ, ಕುವೆಂಪು ಅವರದೇ ‘ನನ್ನ ಗೋಪಾಲ’ದಲ್ಲಿ. ಆಮೇಲೆ ಆ ಹುಡುಗ ಮನೆ ಬಿಟ್ಟು ಓಡಿ ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿದನು. ಹೆತ್ತವರು ಇದನ್ನೋದಿ ಗಾಬರಿಯಾಗಬೇಕಾಗಿಲ್ಲ. ಎಲ್ಲ ಮಕ್ಕಳೂ ಓಡಿಹೋಗುವುದಿಲ್ಲ. ಎಲ್ಲರೂ ಕಾರಂತರಾಗುವುದೂ ಇಲ್ಲ. ಶಾಲೆಯಲ್ಲಿ ನಾಟಕವನ್ನು ಕಲಿಸುವುದು ನಟರನ್ನು ತಯಾರಿಸುವುದಕ್ಕಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಲೆಕ್ಕ ಕಲಿತವರೆಲ್ಲ ಗಣಿತಜ್ಞರಾಗಲೆಂದು ನಾವು ಲೆಕ್ಕ ಕಲಿಸುವುದಿಲ್ಲವಷ್ಟೆ.

ಸರಕಾರದ ಕಡೆಯಿಂದ ಒಳ್ಳೆಯ ಮಾತುಗಳಿಗೆ ಕೊರತೆಯಾಗಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಸಂಗೀತ, ನೃತ್ಯ, ಚಿತ್ರಗಳ ಜೊತೆಗೆ ನಾಟಕವನ್ನೂ ಶಾಲಾಶಿಕ್ಷಣದ ಅಂಗವೆಂದು ಒಪ್ಪಿಕೊಂಡಿತು. 2020ರ ಶಿಕ್ಷಣನೀತಿಯೂ ಕಲೆಯ ಮೂಲಕ ಪಾಠ ಹೇಳುವುದನ್ನು ಹೊಗಳಿತು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ 1989ರಲ್ಲಿಯೇ ಮಕ್ಕಳಿಗಾಗಿ ಪ್ರತ್ಯೇಕವಾದ ಒಂದು ತಂಡವನ್ನು ಕಟ್ಟಿತು. ನಮ್ಮ ಮೈಸೂರಿನ ರಂಗಾಯಣವು ಬೇಸಗೆಯ ರಜೆಯಲ್ಲಿ ನಡೆಸುವ ಚಿಣ್ಣರ ಮೇಳವನ್ನು ಅರಿಯದ ರಂಗಾಸಕ್ತರಿಲ್ಲ. ಇವೆಲ್ಲ ಬೇಕಾದವೇ. ಆದರೆ ಶಾಲೆಯ ನಿತ್ಯದ ವೇಳಾಪಟ್ಟಿಯಲ್ಲಿ ನಾಟಕಕ್ಕೆ ಸಿಕ್ಕಿರುವ ಸ್ಥಳ ಬಹುಮಟ್ಟಿಗೆ ಎರಡೇ: ವಾರ್ಷಿಕೋತ್ಸವ ಒಂದು, ಪ್ರತಿಭಾ ಕಾರಂಜಿಯಂತಹ ಸ್ಪರ್ಧೆ ಇನ್ನೊಂದು. ಸ್ಪರ್ಧೆಯಿಂದ ಕೆಲವು ಮಕ್ಕಳಿಗೆ ಧೈರ್ಯ ಬಂದಿರುವುದು ನಿಜ. ಆದರೆ ಏಕಪಾತ್ರಾಭಿನಯಕ್ಕೆ ಬಹುಮಾನ ಕೊಡುವಂತೆ ಚೆನ್ನಾಗಿ ಕೇಳಿದ ಇಲಿಗೆ ಬಹುಮಾನ ಕೊಡುವುದು ಹೇಗೆ? ತೀರ್ಪುಗಾರನ ಅಂಕಪಟ್ಟಿಯಲ್ಲಿ ಅದಕ್ಕೆ ಕಲಮಿಲ್ಲ. ಬಹುಮಾನ ಬರಬೇಕಾದರೆ ಒಬ್ಬನು ಮುಂದೆ ಬರಬೇಕು. ಒಬ್ಬನು ಮುಂದೆ ಬರಬೇಕಾದರೆ ಮಿಕ್ಕವರು ಹಿಂದೆ ಸರಿಯಬೇಕು. ಹೀಗೆ ಮೇಳದ ಕಲೆಯಾದ ನಾಟಕ ಶಾಲೆಯೊಳಕ್ಕೆ ಬರುತ್ತಲೇ ಓಟದ ಪಂದ್ಯವಾಗಿಬಿಡುತ್ತದೆ. ಪರೀಕ್ಷೆಯ ಹೊತ್ತಿನಲ್ಲಿ ತಾಲೀಮಿಗೆ ವೇಳೆಯೆಲ್ಲಿ ಎಂದು ಮುಖ್ಯೋಪಾಧ್ಯಾಯರು ಕೇಳುವುದು ಸಹಜವೇ. ಆದರೆ ವಾರಕ್ಕೆ ಒಂದು ಗಂಟೆಯಂತೆ ಜೂನ್ ತಿಂಗಳಿನಿಂದ ತೊಡಗಿದರೆ ಡಿಸೆಂಬರಿನ ಕೊನೆಯ ಹದಿನೈದು ದಿನ ಪಾಠಗಳನ್ನೆಲ್ಲ ನಿಲ್ಲಿಸಿ ಗದ್ದಲಮಾಡುವ ಅಗತ್ಯವಿರುವುದಿಲ್ಲವೆಂದು ನಾನು ಹಲವರಿಗೆ ಹೇಳಿ ನೋಡಿದ್ದೇನೆ. ಕೇಳಿದವರು ಇಬ್ಬರು.

ಈಗ ಆಟದ ಕೊನೆಗೆ ಬರೋಣ. ಈ ಕಥೆಯಲ್ಲಿ ಮಾತು ಕೊಟ್ಟು ತಪ್ಪಿದವರು ದೊಡ್ಡವರು. ಬೆಲೆ ತೆತ್ತವರೂ ದೊಡ್ಡವರೇ, ಆದರೆ ಮಕ್ಕಳ ರೂಪದಲ್ಲಿ. ಮಕ್ಕಳು ನಗುನಗುತ್ತ ಹೋಗಿಬಿಡುತ್ತಾರೆ. ಎದುರಿಗೆ ಕುರ್ಚಿಗಳಲ್ಲಿ ಕುಳಿತಿರುವವರು ಯಾರು? ಅವರ ತಂದೆತಾಯಿಗಳು, ಊರಿನ ಹಿರಿಯರು, ಸಂಘದ ಅಧ್ಯಕ್ಷರು, ಎಂದರೆ ಬೊಮ್ಮನಹಳ್ಳಿಯವರು. ಮಕ್ಕಳು ರಂಗದಿಂದಿಳಿದು ಪ್ರೇಕ್ಷಕರ ನಡುವೆಯೇ ನಡೆದು ಹಿಂದಿನ ಬಾಗಿಲಿನಿಂದ ಹೊರಟುಹೋಗಿ, ರಂಗ ಬರಿದಾಗಿ ನಿಂತರೆ, ಒಂದು ಕ್ಷಣ ಸಭೆಯ ಎದೆ ಧಸಕ್ಕೆನ್ನದೆ ಇರದು. ನಮ್ಮ ಶಾಲೆಗಳು ಈ ಬರಿದನ್ನು ಸಹಿಸಲಾರವು. ಜೋಗಿ ಬೆಟ್ಟದೊಳಗೆ ಹೊಕ್ಕ ಮರುಕ್ಷಣವೇ ಎಲ್ಲ ಪಾತ್ರಧಾರಿಗಳನ್ನೂ ಸಾಲುಗಟ್ಟಿ ನಿಲ್ಲಿಸಿ, ಛಾಯಾಚಿತ್ರ ತೆಗೆಸಿ, ಕೊಟ್ಟ ಮಾತಿಗೆ ತಪ್ಪಬಾರದೆಂದು ಮಕ್ಕಳಿಗೇ ಉಪದೇಶಮಾಡಿ ಮುಗಿಸುತ್ತಾರೆ. ಬ್ರೌನಿಂಗನೂ ಕೊನೆಯಲ್ಲಿ ವಿಲ್ಲಿಗೆ ಅಂಥದೇ ಒಂದು ಬುದ್ಧಿವಾದ ಹೇಳಿ ಮುಗಿಸಿದ್ದಾನೆಂಬುದು ನಿಜ. ಆದರೆ ಅವನು ಅದನ್ನು ತುಸು ಕಣ್ಣು ಮಿಟುಕಿಸಿ ಹೇಳುತ್ತಾನೆ. ಮಾತಿಗೆ ತಪ್ಪಿದ್ದು ಗೌಡ, ಬುದ್ಧಿ ಹೇಳಿಸಿಕೊಳ್ಳುವುದು ಇಲಿಗಳು! ಅಧ್ಯಕ್ಷರ ಕಡೆ ತಿರುಗಿ ಯಾರೂ ಈ ಮಾತನ್ನು ಹೇಳಿದ್ದು ನಾನು ಕಂಡಿಲ್ಲ.

ಬರಿದಾದ ಆ ರಂಗದ ಮೇಲೆ ಉಳಿಯುವವನು ಒಬ್ಬನೇ: ಕಾಲು ಸಾಗದೆ ಹಿಂದೆ ಬಿದ್ದ ಕುಂಟ ಹುಡುಗ. ಎಲ್ಲರೂ ಕೇಳಿದ ಕರೆಯನ್ನು ಅವನೂ ಕೇಳಿದ. ಎಲ್ಲರೂ ಹೊಕ್ಕ ಬಾಗಿಲು ಅವನಿಗೆ ಮುಚ್ಚಿತು. ಊರಿನವರಿಗೆ ನಡೆದದ್ದನ್ನು ಹೇಳಬಲ್ಲವನು ಅವನೊಬ್ಬನೇ. ಬ್ರೌನಿಂಗನಂತೂ ಆ ಹುಡುಗ ಬೆಳೆದು ದೊಡ್ಡವನಾದ ಮೇಲೂ ತಾನು ಕಾಣದೆ ಹೋದ ಆ ಲೋಕವನ್ನು ನೆನೆನೆನೆದು ಕೊರಗುತ್ತಿದ್ದನೆಂದು ಬರೆಯುತ್ತಾನೆ. ಹಾಸಿಗೆ ಹಿಡಿದ ವಿಲ್ಲಿ ಈ ಭಾಗವನ್ನು ಓದಿದಾಗ ಯಾರ ಚಿತ್ರ ಬರೆದಿರಬಹುದೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಜೋಗಿಯ ಪಾತ್ರಕ್ಕೆ ಮಾಟ ಬೇಕು, ಗೌಡನಿಗೆ ಗತ್ತು ಬೇಕು. ಈ ಹುಡುಗನ ಪಾತ್ರಕ್ಕೆ ಬೇಕಾದದ್ದು ಇನ್ನೊಂದು: ಕಾಣದೆಹೋದದ್ದನ್ನು ಕಂಡವನಂತೆ ಹೇಳುವ ಶಕ್ತಿ. ಆಟದಲ್ಲಿ ಇದಕ್ಕಿಂತ ಕಠಿನವಾದ ಪಾತ್ರವಿಲ್ಲ. ಸಾಮಾನ್ಯವಾಗಿ ಅದನ್ನು ಕೊಡುವುದು ಸಭೆಯನ್ನು ನಗಿಸಬಲ್ಲ ಹುಡುಗನಿಗೆ.

ನಾನೂ ಹಾಗೆಯೇ ಕೊಟ್ಟೆ. 1980ರ ದಶಕದ ಕೊನೆಯಲ್ಲಿ, ತಾಲ್ಲೂಕು ಪಟ್ಟಣವೊಂದರ ಪ್ರೌಢಶಾಲೆಯಲ್ಲಿ ನಡೆದ ಮಾತು. ಎಂಟನೆಯ ತರಗತಿಯಲ್ಲಿ ಪೋಲಿಯೊ ತಗುಲಿ ಒಂದು ಕಾಲು ಸೊರಗಿದ ಹುಡುಗನೊಬ್ಬನಿದ್ದ. ಪಾತ್ರಗಳನ್ನು ಹಂಚುವಾಗ ನಾವು ಉಪಾಧ್ಯಾಯರು ಕೂಡಿ, ಕುಂಟನ ಪಾತ್ರ ಇವನಿಗೆ ಕೊಟ್ಟರೆ ನೊಂದುಕೊಳ್ಳುವನೆಂದು ತೀರ್ಮಾನಿಸಿದೆವು. ಇಲಿಯಾಗಿ ಕುಣಿಯುವುದು ಇವನಿಂದಾಗದೆಂದೂ ತೀರ್ಮಾನಿಸಿದೆವು. ಎರಡು ತೀರ್ಮಾನಗಳನ್ನೂ ಬಹಳ ದಯೆಯಿಂದಲೇ ಮಾಡಿದೆವು. ಹುಡುಗನನ್ನು ಮಾತ್ರ ಕೇಳಲಿಲ್ಲ. ಅವನನ್ನು ಹಾರ್ಮೋನಿಯಂ ಪಕ್ಕದಲ್ಲಿ ಕೂರಿಸಿ ಕೈಗೆ ತಾಳ ಕೊಟ್ಟೆವು. ಕುಂಟನಾದವನು ಆ ವರ್ಷದ ಓಟದ ಪಂದ್ಯದಲ್ಲಿ ಗೆದ್ದ ಹುಡುಗ. ಅವನು ಕುಂಟಿದ ರೀತಿಗೆ ಸಭೆ ಬಿದ್ದು ಬಿದ್ದು ನಕ್ಕಿತು. ಇನ್ನೊಮ್ಮೆ ಎಂದು ಕೂಗಿದವರೂ ಉಂಟು. ಅವನು ಇನ್ನೊಮ್ಮೆ ಕುಂಟಿದ. ತಾಳ ಒಂದು ಕಡೆ ತಪ್ಪಿತೆಂದು ನನಗೆ ನೆನಪು. ಅದು ನನ್ನ ಕಲ್ಪನೆಯೂ ಇರಬಹುದು.

ಮರುದಿನ ಹುಡುಗ ತಾಳವನ್ನು ಹಿಂದಕ್ಕೆ ಕೊಡಲು ಉಪಾಧ್ಯಾಯರ ಕೊಠಡಿಗೆ ಬಂದ. ಆಟ ಹೇಗಿತ್ತೆಂದು ನಾನು ಮಾತಿಗೆ ಮಾತು ಕೇಳಿದೆ. “ಚೆನ್ನಾಗಿತ್ತು ಸಾರ್. ಆದರೆ ಅವನು ಬರುವಾಗ ಎಡಗಾಲು ಎಳೆದ, ಹೋಗುವಾಗ ಬಲಗಾಲು ಎಳೆದ” ಎಂದ. ನೋವಿನ ಮಾತಾಗಲಿ ದೂರಾಗಲಿ ಅವನ ದನಿಯಲ್ಲಿ ಇರಲಿಲ್ಲ. ಲೆಕ್ಕದಲ್ಲಿ ತಪ್ಪು ತೋರಿಸುವವನಂತೆ ಹೇಳಿದ. ನಾನು ಆಡಿಸಿದ ಯಾವ ಆಟಕ್ಕೂ ಅಷ್ಟು ಖಚಿತವಾದ ವಿಮರ್ಶೆ ಬಂದದ್ದಿಲ್ಲ. ಸಭೆಯಲ್ಲಿ ನೂರಾರು ಮಂದಿ ಇದ್ದರು. ತಿಂಗಳುಗಟ್ಟಲೆ ತಾಲೀಮು ಮಾಡಿಸಿದ ನಾನಿದ್ದೆ. ಕಾಲು ಬದಲಾದದ್ದನ್ನು ಕಂಡವನು ಅವನೊಬ್ಬ. ಸ್ವಲ್ಪ ಹೊತ್ತು ನಿಂತಿದ್ದು, “ಆ ಹುಡುಗನಿಗೆ ಆಮೇಲೆ ಏನಾಯಿತು ಸಾರ್?” ಎಂದು ಕೇಳಿದ. ಪುಸ್ತಕದಲ್ಲಿ ಅಷ್ಟೇ ಇದೆಯೆಂದು ಹೇಳಿ ಕಳುಹಿಸಿದೆ.

ಮುಂದಿನ ವರ್ಷ ಬೇರೆ ಆಟವಾಡಬೇಕೆಂದು ಮಿಕ್ಕವರ ಅಭಿಪ್ರಾಯವಿದ್ದರೂ ನಾನು ಹಟಮಾಡಿ ಅದೇ ಕಿಂದರಿಜೋಗಿಯನ್ನು ಎತ್ತಿಕೊಂಡೆ. ಈ ಸಲ ಪಾತ್ರ ಹಂಚುವ ಮೊದಲು ಎಲ್ಲ ಮಕ್ಕಳಿಂದಲೂ ಎಲ್ಲ ಪಾತ್ರಗಳನ್ನೂ ಒಂದೊಂದು ದಿನ ಆಡಿಸಿದೆ. ಹದಿನೈದು ದಿನ ಹಿಡಿಯಿತು. ಯಾರಿಗೆ ಯಾವುದು ಬೇಕೆಂದು ಕೇಳಿದೆ. ಅವನ ಸರದಿ ಬಂದಾಗ ನಾನು ಮನಸ್ಸಿನಲ್ಲಿಯೇ ಆ ಕೊನೆಯ ಪಾತ್ರವನ್ನು ಅವನಿಗೆ ಕೊಟ್ಟಾಗಿತ್ತು. ಸಂಕೋಚವಿಲ್ಲದೆ ಕೇಳಲಿ ಎಂದು ಕಾಯುತ್ತಿದ್ದೆ. ಅವನು ಗೌಡನ ಪಾತ್ರ ಬೇಕೆಂದ.

“ಗೌಡನೇ ಏಕೆ?” ಎಂದೆ.

“ಅವನು ಸುಳ್ಳು ಹೇಳುತ್ತಾನಲ್ಲ ಸಾರ್, ಅದು ಚೆನ್ನಾಗಿದೆ” ಎಂದ. ನಾನು ಸುಮ್ಮನಿದ್ದುದನ್ನು ಕಂಡು, “ಗೌಡ ಕುಂಟಬಾರದು ಅಂತ ಪುಸ್ತಕದಲ್ಲಿ ಇದೆಯಾ?” ಎಂದೂ ಕೇಳಿದ.

ಇರಲಿಲ್ಲ. ಆಟದ ದಿನ ಅವನು ಊರುಗೋಲನ್ನೇ ಗೌಡನ ಬೆಳ್ಳಿಕಟ್ಟಿನ ಕೋಲೆಂಬಂತೆ ಹಿಡಿದು ಬಂದು ಕುರ್ಚಿಯಲ್ಲಿ ಕುಳಿತ. ಹಣ ಕೇಳಿದ ಜೋಗಿಯ ಮುಖವನ್ನು ಬಹಳ ಹೊತ್ತು ನೋಡಿದ ಮೇಲೆ, ಕೂಗದೆ, ಕೊಡುವುದಿಲ್ಲವೆಂದ. ಕೊನೆಯ ಬೆಂಚಿಗೂ ಕೇಳಿಸಿತು. ಎರಡನೆಯ ಪ್ರವೇಶದಲ್ಲಿ ಎರಡು ಸಾಲು ಮರೆತ, ಒಳಗಿನಿಂದ ಎತ್ತಿಕೊಡಬೇಕಾಯಿತು. ಕುಂಟ ಹುಡುಗನ ಪಾತ್ರವನ್ನು ಆ ವರ್ಷ ಮಾಡಿದವಳು ಏಳನೆಯ ತರಗತಿಯ ಒಬ್ಬ ಹುಡುಗಿ. ತಾಲೀಮಿನ ದಿನಗಳಲ್ಲಿ, ಎಳೆದ ಕಾಲು ಯಾವುದೆಂದು ಮರೆಯದಂತೆ ಅವಳ ಚಪ್ಪಲಿಯೊಳಗೆ ಒಂದು ಹುಣಿಸೆಬೀಜವನ್ನು ಇಡುತ್ತಿದ್ದವನು ಗೌಡ.